ತಣ್ಣನೆಯ ಕೈ

"ಗುರುಗಳೇ, ನಾನು ಊರಿಗೆ ಹೋಗಿಬಿಡಲೇ?" ಎಂದು ಶಿಷ್ಯ ಕೇಳಿದ.

ಅವನು ವೈದ್ಯ ಕಲಿಯಲು ಬಂದವನು. ನಾಡಿ ನೋಡುವಾಗ ಭಯಕ್ಕೆ ಅವನ ಕೈ ತಣ್ಣಗಾಗುತ್ತಿತ್ತು. ಅಂದು ಬೆಳಿಗ್ಗೆ ರೋಗಿಯೊಬ್ಬ ಕೈ ಎಳೆದುಕೊಂಡು, "ಇವನು ಬೇಡ, ದೊಡ್ಡವರನ್ನು ಕರೆಯಿರಿ" ಎಂದಿದ್ದ.

ಗುರುಗಳು ಅರೆಯುತ್ತಿದ್ದ ಬೇರನ್ನು ಪಕ್ಕಕ್ಕಿಟ್ಟರು. "ಹೋಗುವೆಯಂತೆ. ಕೂತುಕೋ" ಎಂದು ಹೇಳತೊಡಗಿದರು.

ಒಬ್ಬಳು ಸೂಲಗಿತ್ತಿ ಇದ್ದಳು. ವಯಸ್ಸಾಗಿತ್ತು. ಸೊಸೆಗೆ ಕೆಲಸ ಕಲಿಸುತ್ತಿದ್ದಳು. ಸೊಸೆಗೆ ಭಯ. ಹೆರಿಗೆಯ ಮನೆಯ ಹೊಸ್ತಿಲು ದಾಟಿದರೆ ಸಾಕು, ಅವಳ ಕೈ ತಣ್ಣಗಾಗುತ್ತಿತ್ತು. ಅತ್ತೆ ಬೈಯುತ್ತಿರಲಿಲ್ಲ. ಮೂಲೆಯ ಅಗ್ಗಿಷ್ಟಿಕೆ ತೋರಿಸಿ, "ಕಾಯಿಸಿಕೊಂಡು ಬಾ" ಎನ್ನುತ್ತಿದ್ದಳು. ಕೆಂಡಕ್ಕೆ ಹಿಡಿದರೆ ಕೈ ಬೆಚ್ಚಗಾಗುತ್ತಿತ್ತು. ಹೆರುವವಳ ಬಳಿ ಬರುವಷ್ಟರಲ್ಲಿ ಮತ್ತೆ ತಣ್ಣಗೆ.

ಒಂದು ದಿನ ಸೊಸೆ ನಿಶ್ಚಯ ಮಾಡಿದಳು. ಇದೇ ಕಡೆಯ ಮನೆ. ಹಿಂದಿರುಗುವಾಗ ಅತ್ತೆಗೆ ಹೇಳಿಬಿಡುವುದು.

ಆ ಮನೆಯ ಹೆಂಗಸು ನೋವಿನಲ್ಲೂ ಮಾತು ಬಿಡುವವಳಲ್ಲ. ಸೊಸೆ ಹೊಟ್ಟೆ ಮುಟ್ಟಿದ ಕೂಡಲೇ, "ಅಜ್ಜಿ, ಈ ಕೈಯನ್ನು ಈಗಷ್ಟೇ ಬಾವಿಯಿಂದ ಸೇದಿ ತಂದೆಯಾ?" ಎಂದಳು. ಸುತ್ತ ಇದ್ದವರು ನಕ್ಕರು. ಸೊಸೆ ಹೋಗಿ ಅಗ್ಗಿಷ್ಟಿಕೆಯ ಮುಂದೆ ಕುಳಿತಳು.

ಮಗು ಹುಟ್ಟಿತು. ಅಳಲಿಲ್ಲ. ಸೂಲಗಿತ್ತಿ ಬಾಯಿ ಒರೆಸಿದಳು. ಬೆನ್ನು ತಿಕ್ಕಿದಳು. ಅವಳ ಕೈ ಬೆಚ್ಚಗಿತ್ತು. ಇನ್ನೂ ತಾಯಿಯ ಒಳಗೇ ಇದ್ದೇನೆ ಎಂದುಕೊಂಡಿತೋ ಏನೋ, ಮಗು ಸುಮ್ಮನಿತ್ತು. ನಗು ನಿಂತುಹೋಯಿತು.

"ಬಾರೇ ಇಲ್ಲಿ" ಎಂದಳು ಅತ್ತೆ.

ಸೊಸೆ ಎದ್ದಳು. ಕೆಂಡದ ಮುಂದೆಯೇ ಕುಳಿತಿದ್ದರೂ ಅವಳ ಕೈ ಎಂದಿಗಿಂತ ತಣ್ಣಗಿತ್ತು. "ತಾಳಿ ಅತ್ತೆ, ಕಾಯಿಸಿಕೊಂಡು ಬರುತ್ತೇನೆ."

"ಬೇಡ. ಹಾಗೇ ಬಾ."

ಸೊಸೆ ಆ ಕೈಯಲ್ಲೇ ಮಗುವಿನ ಬೆನ್ನು ತಿಕ್ಕಿದಳು. ಮಗು ಬೆಚ್ಚಿತು. ಕಾಲು ಝಾಡಿಸಿತು. ಆಮೇಲೆ ಅತ್ತಿತು. ಬೀದಿಯ ಕೊನೆಯ ಮನೆಗೆ ಕೇಳುವ ಹಾಗೆ ಅತ್ತಿತು.

"ಬಂದ ಮಗುವನ್ನು ಬಂದ ಕೂಡಲೇ ಅಳಿಸಿದೆಯಲ್ಲೇ" ಎಂದಳು ಅತ್ತೆ.

ಬಾಣಂತಿ ಕಣ್ಣು ಒರೆಸಿಕೊಂಡು ನಕ್ಕಳು. "ಗಂಗೆ ಪೂಜೆಗೆ ನಾನು ಬಾವಿಯ ಹತ್ತಿರ ಹೋಗುವುದಿಲ್ಲ ಅಜ್ಜಿ. ಇವಳ ಕೈಗೇ ಅರಿಶಿನ ಕುಂಕುಮ ಹಚ್ಚಿಬಿಡುತ್ತೇನೆ."

ಹಿಂದಿರುಗುವಾಗ ಅತ್ತೆ ಕೇಳಿದಳು, "ಬೆಳಿಗ್ಗೆಯಿಂದ ಏನೋ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೀಯ. ಏನದು?"

"ಏನಿಲ್ಲ ಅತ್ತೆ. ಮುಂದಿನ ಹೆರಿಗೆ ಯಾರ ಮನೆಯಲ್ಲಿ?"

ಗುರುಗಳು ಇಷ್ಟು ಹೇಳಿ ಮತ್ತೆ ಬೇರಿಗೆ ಕೈಹಾಕಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಮಗು ಅತ್ತಾಗ ಅವಳ ಭಯ ಹೋಯಿತೇ, ಗುರುಗಳೇ?"

ನಾಡಿ ನೋಡು ಎಂಬಂತೆ ಗುರುಗಳು ತಮ್ಮ ಕೈಯನ್ನು ಅವನ ಮುಂದೆ ಚಾಚಿದರು.

"ನನಗೆ ಹೇಗೆ ಗೊತ್ತಾಗಬೇಕಪ್ಪ, ಆಗ ನಾನು ಅಳುತ್ತಿದ್ದೆ."