ಪಾಂಡಾ ಏಕೆ ಬೆನ್ನು ತೋರಿಸುತ್ತದೆ

ಲೋಕ ಹೊಸದಾಗಿದ್ದ ಕಾಲ. ಯಾವುದೂ ಒಂದು ಕಡೆ ನಿಂತಿರಲಿಲ್ಲ. ಬೆಟ್ಟಗಳು ಇನ್ನೂ ಹೊರಳಾಡಿ ಜಾಗ ಮಾಡಿಕೊಳ್ಳುತ್ತಿದ್ದವು. ಹೊಳೆ ಬೆಳಿಗ್ಗೆ ಪೂರ್ವಕ್ಕೆ ಹರಿದರೆ ಮಧ್ಯಾಹ್ನ ದಕ್ಷಿಣಕ್ಕೆ ಹರಿದು ನೋಡುತ್ತಿತ್ತು. ಗಾಳಿಗಂತೂ ಕೂತು ಅಭ್ಯಾಸವೇ ಇರಲಿಲ್ಲ. ಈಗಲೂ ಇಲ್ಲ.

ಆ ಕಾಲದಲ್ಲಿ ಪಾಂಡಾ ಪೂರ್ತಿ ಬೆಳ್ಳಗಿತ್ತು. ಕಿವಿ ಬಿಳಿ, ಕಾಲು ಬಿಳಿ, ಕಣ್ಣಿನ ಸುತ್ತಲೂ ಬಿಳಿ. ಹಿಮ ಬಿದ್ದ ದಿನ ಬಿದಿರುಮೆಳೆಯಲ್ಲಿ ಕೂತರೆ ಅಲ್ಲೊಂದು ಪಾಂಡಾ ಇದೆಯೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದರಿಂದ ಯಾರಿಗೂ ನಷ್ಟವೂ ಇರಲಿಲ್ಲ.

ಹಿಮಾಲಯದ ಆಚೆಯ ಬೆಟ್ಟವೊಂದರಲ್ಲಿ, ಮರದ ಪೊಟರೆಯೊಳಗೆ ಪಾಂಡಮ್ಮ ಒಂದು ಮರಿ ಹಾಕಿದಳು. ಅವಳು ಬಂಡೆಯಷ್ಟು ದೊಡ್ಡವಳು. ಮರಿ ಇಲಿಯಷ್ಟು. ಮೈಮೇಲೆ ಸರಿಯಾಗಿ ಕೂದಲೂ ಇಲ್ಲ. ಆದರೆ ಧ್ವನಿ ಜೋರಾಗಿತ್ತು. ಪಾಂಡಮ್ಮ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎದೆಗೆ ಒತ್ತಿಕೊಂಡಳು.

ಅಷ್ಟರಲ್ಲಿ ಗಾಳಿ ಪೊಟರೆಯೊಳಗೆ ಇಣುಕಿತು.

"ಮರೀನಾ?" ಎಂದಿತು.

"ಹೂಂ. ಯಾರಿಗೂ ಹೇಳಬೇಡ."

"ಛೆ ಛೆ, ನಾನ್ಯಾಕೆ ಹೇಳಲಿ?" ಎಂದ ಗಾಳಿ ಮೂರು ಬೆಟ್ಟಗಳಿಗೆ ಹೇಳಿಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಪೊಟರೆಯ ಮುಂದೆ ಸಾಲು ನಿಂತಿತ್ತು. ಬಾಣಂತಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎಂಬ ಪದ್ಧತಿ ಲೋಕಕ್ಕಿಂತ ಹಳೆಯದು. ಕರಡಿ ಜೇನು ತಂದಿತು. ಕೊಕ್ಕರೆ ಮೀನು ತಂದಿತು. ಚಪ್ಪಟೆಮೂಗಿನ ಕೋತಿ ಹಣ್ಣು ತಂದಿತು. ಎಲ್ಲರೂ ತಮಗೆ ಇಷ್ಟವಾದದ್ದನ್ನೇ ತಂದಿದ್ದರು. ಪಾಂಡಮ್ಮ ತಿನ್ನುವುದು ಬಿದಿರು. ಅದನ್ನು ಯಾರೂ ತರಲಿಲ್ಲ. ಬಿದಿರು ಬಾಗಿಲಲ್ಲೇ ಬೆಳೆಯುತ್ತದೆ, ಅದನ್ನು ಉಡುಗೊರೆ ಎಂದರೆ ನಗುತ್ತಾರೆ.

"ಎಲ್ಲಿ, ಕೈ ತೆಗಿಯೇ, ನೋಡೋಣ," ಎಂದಿತು ಕೊಕ್ಕರೆ.

ಪಾಂಡಮ್ಮ ಕೈ ತೆಗೆದಳು.

"ಅಯ್ಯೋ, ಇಷ್ಟೇನಾ!" ಎಂದಿತು ಕರಡಿ.

"ಮೂಗು ಅಪ್ಪನ ಹಾಗಿದೆ," ಎಂದಿತು ಕೋತಿ. ಅಪ್ಪನನ್ನು ಅದು ನೋಡಿಯೇ ಇರಲಿಲ್ಲ.

ಅವರು ಹೋಗುವಷ್ಟರಲ್ಲಿ ಜಿಂಕೆಗಳು ಬಂದವು. ಜಿಂಕೆಗಳು ಹೋಗುವಷ್ಟರಲ್ಲಿ ಕಾಡುಕೋಳಿಗಳು. ಬರಲು ಆಗದವರಿಗೆ ಗಾಳಿ ಗಳಿಗೆಗೊಂದು ಸುದ್ದಿ ಒಯ್ಯುತ್ತಿತ್ತು. "ಮರಿ ಆಕಳಿಸಿತಂತೆ!" "ಮರಿ ಸೀನಿತಂತೆ!" ಅದನ್ನು ಕೇಳಿ ದೂರದ ಬೆಟ್ಟದವರೂ ಗೂಡು ಬಿಟ್ಟು, ಮೇವು ಬಿಟ್ಟು, ಮತ್ತೆ ಸೀನುತ್ತದೆಯೇ ಎಂದು ಕಿವಿ ನಿಮಿರಿಸಿ ಕೂತರು.

ಪಾಂಡಮ್ಮನ ತೊಂದರೆ ಬೇರೆ ಇತ್ತು. ಬಿದಿರಿನಲ್ಲಿ ಸತ್ವ ಕಡಿಮೆ. ಬೆಳಗಿನಿಂದ ಸಂಜೆಯವರೆಗೆ ಜಗಿಯುತ್ತಲೇ ಇದ್ದರೆ ಮಾತ್ರ ಮೈಯಲ್ಲಿ ಹಾಲು. ಬಂದವರ ಮುಂದೆ ತಿನ್ನುತ್ತ ಕೂರುವುದು ಹೇಗೆ? ಒಂದು ಕಡ್ಡಿ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಯಾರೋ ಬಂದರು. ಕಡ್ಡಿ ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. ಮತ್ತೆ ಯಾರೋ ಬಂದರು. ಮತ್ತೆ ಕೆಳಗಿಟ್ಟಳು.

ಮೂರನೆಯ ದಿನ ಮರಿಯ ಧ್ವನಿ ಸಣ್ಣಗಾಯಿತು. ಹಾಲಿಗಾಗಿ ಬಾಯಿ ತೆರೆಯಿತು, ಹಾಲು ಸಿಗಲಿಲ್ಲ.

ಹೊರಗೆ ಗುಸುಗುಸು ಎದ್ದಿತು.

"ದೃಷ್ಟಿಯಾಗಿದೆ," ಎಂದಿತು ಕೊಕ್ಕರೆ.

"ಹೌದು, ದೃಷ್ಟಿಯೇ," ಎಂದರು ಎಲ್ಲರೂ. ದೃಷ್ಟಿ ಎಂಬುದೊಂದು ಇದೆಯೋ ಇಲ್ಲವೋ, ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ಹಸಿವು ಇದೆಯೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಹಸಿವು ಯಾರಿಗೂ ಹೊಳೆಯಲಿಲ್ಲ.

"ಯಾರ ದೃಷ್ಟಿ?" ಎಂದಿತು ಕರಡಿ. ಎಲ್ಲರೂ ಪಕ್ಕದವರನ್ನು ನೋಡಿದರು. ಕೊನೆಗೆ ಎಲ್ಲರೂ ಗೂಬೆಯನ್ನು ನೋಡಿದರು.

"ನಾನು ಹಗಲೆಲ್ಲ ಮಲಗಿರ್ತೀನಿ ಮಾರಾಯ್ರೇ! ಕಣ್ಣು ದೊಡ್ಡದಿದ್ದರೆ ತಪ್ಪೇ?" ಎಂದಿತು ಗೂಬೆ.

ಕೊಕ್ಕರೆ ಉಪಾಯ ಹೇಳಿತು. ಸಿಡಿಲು ಬಡಿದ ಮರದ ಮಸಿ ತಂದು, ಆಕ್ರೋಟಿನ ಎಣ್ಣೆಯಲ್ಲಿ ಕಲಸಿ, ಮರಿಗೆ ಒಂದು ಕಪ್ಪು ಬೊಟ್ಟು ಇಡುವುದು. ಆಗ ಕೆಟ್ಟ ಕಣ್ಣು ತಾಗುವುದಿಲ್ಲ.

ಕೊಕ್ಕರೆ ಕೆನ್ನೆಗೆ ಒಂದು ಬೊಟ್ಟು ಇಟ್ಟಿತು.

"ಇಷ್ಟು ಚಿಕ್ಕದು ಸಾಲದು. ಇಲ್ಲಿ ಎಂಥೆಂಥವರೋ ಬರ್ತಾರೆ," ಎಂದು ಕೊಕ್ಕರೆಯನ್ನೇ ನೋಡುತ್ತ ಕೋತಿ ಎರಡೂ ಕಣ್ಣಿನ ಸುತ್ತ ಬಳಿಯಿತು. ಕೋತಿಯನ್ನು ನಂಬದ ಕರಡಿ ಕಿವಿಗೆ ಬಳಿಯಿತು. ಕರಡಿಯನ್ನು ನಂಬದ ಜಿಂಕೆ ಕಾಲಿಗೆ ಬಳಿಯಿತು. ಯಾರಿಗೂ ತಮ್ಮ ಕಣ್ಣಿನ ಮೇಲೆ ಅನುಮಾನವಿರಲಿಲ್ಲ. ಮರಿಯ ಮೈಯಲ್ಲಿ ಜಾಗ ಮುಗಿಯಿತು. ಉಳಿದವರು ತಾಯಿಗೆ ಬಳಿದರು. ಅವಳಿಗೂ ಕಿವಿ, ಕಣ್ಣು, ಹೆಗಲು, ನಾಲ್ಕೂ ಕಾಲು.

ಬಳಿದು ಮುಗಿಸಿ ಎಲ್ಲರೂ ಹಿಂದೆ ಸರಿದು ನಿಂತರು. ನೋಡಿದರು.

"ಅಯ್ಯಯ್ಯೋ," ಎಂದಿತು ಕೋತಿ, "ಎಷ್ಟು ಮುದ್ದಾಗಿದೆಯೇ!"

ಕಣ್ಣು ತಾಗದಿರಲಿ ಎಂದು ಬಳಿದ ಮಸಿ. ಈಗ ಅದರಿಂದ ಯಾರಿಗೂ ಕಣ್ಣು ಕೀಳಲು ಆಗಲಿಲ್ಲ. ಗಾಳಿ ಏಳು ಬೆಟ್ಟಗಳಿಗೆ ಓಡಿತು. ಮಧ್ಯಾಹ್ನದ ಹೊತ್ತಿಗೆ ಜನ ಇಮ್ಮಡಿಯಾಯಿತು. ಹಿಂದಿದ್ದವರು ಮುಂದಿದ್ದವರ ಹೆಗಲೇರಿದರು.

ಪಾಂಡಮ್ಮ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೊಳೆಗೆ ಓಡಿದಳು.

"ಇದನ್ನು ತೊಳೆದುಕೊಡು ತಾಯಿ," ಎಂದಳು.

ಹೊಳೆ ಉಜ್ಜಿತು. ಪೂರ್ವಕ್ಕೆ ಹರಿದು ಉಜ್ಜಿತು, ದಕ್ಷಿಣಕ್ಕೆ ಹರಿದು ಉಜ್ಜಿತು. "ಎಣ್ಣೆ ಮಸಿ ಕಣೇ. ನನ್ನಿಂದಾಗಲ್ಲ," ಎಂದಿತು.

ಪಾಂಡಮ್ಮ ಇನ್ನೊಂದು ಪೊಟರೆಗೆ ಓಡಿದಳು. ಗಾಳಿ ಹಿಂದೆಯೇ ಬಂತು. ಬಂಡೆಯ ಸಂದಿಗೆ ಓಡಿದಳು. ಗಾಳಿ ಹಿಂದೆಯೇ ಬಂತು. ಬಿದಿರುಮೆಳೆಯೊಳಗೆ ನುಗ್ಗಿದಳು. ಅಲ್ಲೂ ಬಂತು. ಗಾಳಿಯ ಹಿಂದೆ ಏಳು ಬೆಟ್ಟಗಳ ಜನ. ಮರಿ ಈಗ ಅಳುತ್ತಲೇ ಇರಲಿಲ್ಲ. ಪಾಂಡಮ್ಮ ಅದರ ಎದೆಗೆ ಕಿವಿ ಇಟ್ಟು ಕೇಳಿದಳು. ಮತ್ತೆ ಮತ್ತೆ ಕೇಳಿದಳು.

ಆಗ ಅವಳ ಕಾಲಬುಡದ ಮಣ್ಣು ಮೇಲೆದ್ದಿತು. ಮಣ್ಣಿನಿಂದ ಒಂದು ಮೂತಿ ಹೊರಬಂತು. ಅದು ಬಿದಿರಿಲಿ. ನೆಲದಡಿ ಬಿಲ ತೋಡಿ, ಬಿದಿರಿನ ಬೇರು ಕಡಿದು ಬದುಕುವ ಮುದುಕಿ.

"ಯಾರದು ನನ್ನ ತಲೆ ಮೇಲೆ ಕುಣಿಯೋದು?" ಎಂದಿತು.

"ನಾನು, ಪಾಂಡಾ. ನನ್ನ ಮರಿಗೆ ಹೀಗಾಗಿದೆ ಅಜ್ಜಿ. ಸ್ವಲ್ಪ ನೋಡು."

"ನೋಡಿ ಏನು ಮಾಡಲಿ? ನನಗೆ ಕಣ್ಣು ಅಷ್ಟಕ್ಕಷ್ಟೇ. ಅದಿರಲಿ, ಊಟ ಆಯ್ತಾ?"

ಇಷ್ಟು ಜನ ಬಂದಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಇಲ್ಲ," ಎಂದಳು. "ಮೂರು ದಿನವಾಯ್ತು."

"ಮೂರು ದಿನ! ಹಾಲೆಲ್ಲಿಂದ ಬರತ್ತೆ, ಮಳೆಯಿಂದಲಾ? ತಿನ್ನು ಮೊದಲು."

"ಎಲ್ಲರೂ ನೋಡ್ತಿದ್ದಾರಲ್ಲ ಅಜ್ಜಿ."

"ನೋಡಲಿ. ಅವರ ಕಣ್ಣು ನಿನ್ನ ಬಾಯಿಗೆ ಅಡ್ಡ ಬರುತ್ತಾ?"

"ಅಷ್ಟು ದೂರದಿಂದ ಬಂದವರಿಗೆ ಮುಖ ತೋರಿಸದಿದ್ದರೆ ಚೆನ್ನಾಗಿರಲ್ಲ."

"ಬೆನ್ನಿದೆಯಲ್ಲ. ಅದನ್ನು ತೋರಿಸು," ಎಂದು ಬಿದಿರಿಲಿ ಒಳಗೆ ಹೋಯಿತು.

ನೆಲದಡಿಯಿಂದ ಕರಕ್ ಕರಕ್ ಸದ್ದು ಬಂತು. ಒಂದು ಬಿದಿರು ಬಾಗಿ ಪಾಂಡಮ್ಮನ ತೊಡೆಯ ಮೇಲೆ ಬಿತ್ತು. ಇನ್ನೊಂದು ಬಿತ್ತು. ಪಾಂಡಮ್ಮ ಹೊರಗಿನ ಜನರನ್ನು ನೋಡಿದಳು, ಮರಿಯನ್ನು ನೋಡಿದಳು. ಆಮೇಲೆ ಏಳು ಬೆಟ್ಟಗಳ ಕಡೆಗೆ ಬೆನ್ನು ತಿರುಗಿಸಿ, ಕಾಲು ಚಾಚಿ ಕೂತು, ಮರಿಯನ್ನು ಮಡಿಲಲ್ಲಿಟ್ಟುಕೊಂಡು ತಿನ್ನತೊಡಗಿದಳು.

"ತಿರುಗೇ!" ಎಂದಿತು ಕೊಕ್ಕರೆ.

ಅವಳು ತಿರುಗಲಿಲ್ಲ.

"ಒಂದೇ ಒಂದು ಸಲ, ಈ ಕಡೆ!" ಎಂದಿತು ಕೋತಿ.

ಅವಳು ತಿರುಗಲಿಲ್ಲ.

"ಏನು ಜಂಭ ನೋಡು! ಜೇನು ಬೇರೆ ತಂದಿದ್ದೆ," ಎಂದ ಕರಡಿ ಹೊರಟುಹೋಯಿತು. ಅದರ ಹಿಂದೆ ಇನ್ನಷ್ಟು ಜನ ಹೊರಟರು. ಗಾಳಿ ಸುತ್ತುಹಾಕಿ ಮುಂದಿನಿಂದ ಇಣುಕಲು ನೋಡಿತು. ಬಿದಿರಿನ ಎಲೆಗಳು ಅಡ್ಡ ನಿಂತವು. ಹೇಳಲು ಗಾಳಿಗೆ ಸುದ್ದಿಯೇ ಉಳಿಯಲಿಲ್ಲ. "ತಿನ್ನುತ್ತಿದ್ದಾಳೆ" ಎಂದಿತು. "ಇನ್ನೂ ತಿನ್ನುತ್ತಿದ್ದಾಳೆ" ಎಂದಿತು. ಅದನ್ನು ಕೇಳಲು ಯಾರು ಕೂರುತ್ತಾರೆ?

ಕೋತಿ ಮಾತ್ರ ಹೋಗಲಿಲ್ಲ. ಹೋಗಲೂ ಆಗದೆ, ಸುಮ್ಮನೆ ಕೂರಲೂ ಆಗದೆ ಕೊಂಬೆಯಿಂದ ಕೊಂಬೆಗೆ ಹಾರುತ್ತಿತ್ತು. ಕೊನೆಗೆ ಬಿಲದ ಬಾಯಿಗೆ ಬಂದು ಕೂಗಿತು. "ಅಜ್ಜಿ, ಆ ಮರಿ ಅಂದರೆ ನನಗೆ ಪ್ರಾಣ. ನಾನೇನು ಮಾಡಲಿ?"

"ಬಿದಿರು ತಂದು ಅವಳ ಕೈಗೆ ಸಿಗುವ ಹಾಗೆ ಇಟ್ಟು ಹೋಗು."

"ಇಟ್ಟು?"

"ಹೋಗು. ಅದೂ ಕೆಲಸವೇ."

ಕೋತಿ ಇನ್ನೊಂದು ದಿಬ್ಬಕ್ಕೆ ಹೋಗಿ ಎಳೆಯ ಬಿದಿರು ಮುರಿದು ತಂದಿತು. ಪಾಂಡಮ್ಮನ ಪಕ್ಕದಲ್ಲಿಟ್ಟಿತು. ಕುತ್ತಿಗೆ ಇನ್ನೊಂದು ಗೇಣು ಚಾಚಿದ್ದರೆ ಮರಿ ಕಾಣುತ್ತಿತ್ತು. ಕೋತಿ ಎರಡೂ ಕೈಯಿಂದ ತನ್ನ ಕುತ್ತಿಗೆಯನ್ನು ಹಿಡಿದುಕೊಂಡು ವಾಪಸು ಹೋಯಿತು. ಅದರ ಆಯುಷ್ಯದಲ್ಲೇ ಕಷ್ಟದ ಕೆಲಸ ಅದು. ಮರುದಿನವೂ ತಂದಿಟ್ಟಿತು. ಅದರ ಮರುದಿನವೂ.

ಮೂರನೆಯ ದಿನ ಕೋತಿ ಬಿದಿರು ಇಟ್ಟು ಹಿಂತಿರುಗುವಾಗ, ಆ ದೊಡ್ಡ ಬಿಳಿ ಬೆನ್ನಿನ ಆಚೆಯಿಂದ ಒಂದು ಕೂಗು ಬಂತು. ಎಂಥ ಕೂಗೆಂದರೆ ಕೋತಿ ಹೆದರಿ ಮರ ಹತ್ತಿತು, ಹೊಳೆ ಒಂದು ಕ್ಷಣ ಹರಿಯುವುದನ್ನು ಮರೆಯಿತು. ಮರಿಯ ಹೊಟ್ಟೆಗೆ ಹಾಲು ಬಿದ್ದಿತ್ತು. ಇನ್ನಷ್ಟು ಬೇಕು ಎಂದು ಅದು ಬೈಯುತ್ತಿತ್ತು.

ಆ ಮಸಿ ಮಾತ್ರ ಮತ್ತೆ ಹೋಗಲಿಲ್ಲ. ಪಾಂಡಾ ಮರಿ ಇಂದಿಗೂ ಕಪ್ಪಿಲ್ಲದೆಯೇ ಹುಟ್ಟುತ್ತದೆ, ಕೆಲವು ದಿನ ಕಳೆದ ಮೇಲೆ ಯಾರೋ ಬಂದು ಬಳಿದು ಹೋದ ಹಾಗೆ ಕಿವಿ, ಕಣ್ಣು, ಕಾಲು ಕಪ್ಪಾಗುತ್ತವೆ. ಮತ್ತು ಇಂದಿಗೂ, ಮೃಗಾಲಯದ ಗಾಜಿಗೆ ಮೂಗೊತ್ತಿ ನಿಂತಾಗಲೋ, ಮನೆಯಲ್ಲಿ ಕೂತು ಅಲ್ಲಿಯ ಕ್ಯಾಮೆರಾವನ್ನು ಫೋನಿನಲ್ಲಿ ನೋಡುವಾಗಲೋ, ನೀನು ಎಷ್ಟು ಕರೆದರೂ ತಾಯಿ ಪಾಂಡಾ ತಿರುಗದೆ ಬರೀ ಬೆನ್ನು ತೋರಿಸಿ ಕರಕರನೆ ಜಗಿಯುತ್ತಿದ್ದರೆ, ಆ ಬೆನ್ನಿನ ಆಚೆ ಮರಿ ಚೆನ್ನಾಗಿದೆ ಎಂದೇ ಅರ್ಥ.