ದಾಸವಾಳ ಕಿತ್ತ ವನಜಾಕ್ಷಿ ಟೀಚರ್

ವನಜಾಕ್ಷಿ ಟೀಚರ್ ಬೋರ್ಡಿನ ಮೇಲೆ ಹೂವಿನ ಚಿತ್ರ ಬರೆದರೆ ಮಕ್ಕಳು ಕಣ್ಣು ಕದಲಿಸುತ್ತಿರಲಿಲ್ಲ. ಬಣ್ಣದ ಸೀಮೆಸುಣ್ಣದಲ್ಲಿ ಮೊದಲು ಹಸಿರು ಪುಷ್ಪಪತ್ರ, ಆಮೇಲೆ ಕೆಂಪು ದಳ, ನಡುವೆ ಹಳದಿ ಕೇಸರ. ಊರಿನ ಎಷ್ಟೋ ಅಪ್ಪ ಅಮ್ಮಂದಿರು ಹೂವಿನ ಭಾಗಗಳನ್ನು ಕಲಿತದ್ದು ಆ ಬೋರ್ಡಿನಿಂದಲೇ.

ಆ ವರ್ಷ ಶಾಲೆಗೆ ಜೆಸಿಂತಾ ಎಂಬ ಹೊಸ ಟೀಚರ್ ಬಂದರು. ಅವರು ಅಂಗಳದ ಗಿಡದಿಂದ ದಾಸವಾಳ ಕಿತ್ತು ತಂದು ಎರಡನೇ ತರಗತಿಯ ಮಕ್ಕಳ ಕೈಗೇ ಕೊಟ್ಟರು. ಮಕ್ಕಳು ದಳ ಬಿಡಿಸಿದರು, ಕೇಸರ ಮುಟ್ಟಿದರು, ಪರಾಗವನ್ನು ಮೂಗಿಗೆ ಹಚ್ಚಿಕೊಂಡು ನಕ್ಕರು.

ಊಟದ ಹೊತ್ತಿಗೆ ತಬಸ್ಸುಮ್ ಎಂಬ ಪುಟ್ಟ ಹುಡುಗಿ ವನಜಾಕ್ಷಿ ಟೀಚರ್ ಹತ್ತಿರ ಓಡಿ ಬಂದಳು. "ಟೀಚರ್, ಹೂವಿನ ಹೊಟ್ಟೇಲಿ ಬೀಜ ಆಗೋ ಜಾಗ ಇದೆ, ನಿಮಗೆ ಗೊತ್ತಾ?"

ನಿನ್ನ ಅಮ್ಮನಿಗೆ ಅದನ್ನು ಕಲಿಸಿದವಳೇ ನಾನು ಎಂದು ಹೇಳಬೇಕೆನಿಸಿತು. ಅರ್ಧ ಊಟಕ್ಕೇ ಡಬ್ಬಿ ಮುಚ್ಚಿ ಎದ್ದುಬಿಟ್ಟರು.

ಅಂದಿನಿಂದ ಅವರಿಗೆ ನೆಮ್ಮದಿ ಇಲ್ಲ. ಪಕ್ಕದ ಕೋಣೆಯಲ್ಲಿ ಮಕ್ಕಳು ನಕ್ಕರೆ ಇವರ ಎದೆಯಲ್ಲಿ ಚುಳುಕ್ ಎನ್ನುತ್ತಿತ್ತು. ಅಷ್ಟರಲ್ಲಿ ಹೆಡ್‌ಮಾಸ್ಟರು, "ಪೋಷಕರ ಸಭೆಯಲ್ಲಿ ಜೆಸಿಂತಾ ಮೇಡಂ ಹೂವಿನ ಪಾಠ ಮಾಡಲಿ" ಎಂದುಬಿಟ್ಟರು. ವನಜಾಕ್ಷಿ ಟೀಚರ್ ಒಳ್ಳೆಯದು ಎಂದು ತಲೆಯಾಡಿಸಿದರು. ಒಳಗೆ ಹೊಟ್ಟೆಕಿಚ್ಚು ಧಗಧಗ ಉರಿಯಿತು.

ಸಭೆಯ ದಿನ ಅವರು ಎಲ್ಲರಿಗಿಂತ ಮೊದಲು ಬಂದು ಗಿಡದ ಹೂವುಗಳನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿಕೊಂಡರು. ಯಾರಾದರೂ ಕೇಳಿದರೆ ಪೂಜೆಗೆ ಎಂದರಾಯಿತು. ದೇವರ ಹೆಸರು ಹೇಳಿದ ಮೇಲೆ ಯಾರು ತಾನೆ ಎದುರಾಡುತ್ತಾರೆ?

ಪೋಷಕರು ಬಂದು ಕೂತರು. ಬೋಳು ಗಿಡ ಕಂಡ ಜೆಸಿಂತಾ ಟೀಚರ್ ನೇರವಾಗಿ ಇವರ ಬಳಿಗೇ ಬಂದರು. ಮುಖ ಬಾಡಿತ್ತು.

"ಅಕ್ಕಾ, ಗಿಡದಲ್ಲಿ ಒಂದು ಹೂವೂ ಇಲ್ಲ. ನೀವು ಬೋರ್ಡಿನ ಮೇಲೆ ಬರೆದುಕೊಡ್ತೀರಾ? ನಾನು ಹೂ ಬರೆದರೆ ಎಲೆಕೋಸಿನ ಹಾಗೆ ಕಾಣುತ್ತೆ. ನಿಮ್ಮ ಚಿತ್ರ ನೋಡಿದ ದಿನದಿಂದ ನಾನು ಮಕ್ಕಳ ಮುಂದೆ ಸೀಮೆಸುಣ್ಣ ಮುಟ್ಟಿಲ್ಲ."

ವನಜಾಕ್ಷಿ ಟೀಚರ್ ಬಣ್ಣದ ಸೀಮೆಸುಣ್ಣ ಕೈಗೆತ್ತಿಕೊಂಡರು. ಹೋಗಿ ಚಿತ್ರ ಬರೆದರು. ಪೋಷಕರು ಚಪ್ಪಾಳೆ ತಟ್ಟಿದರು. ಇಷ್ಟು ದಿನ ಬೇಕೆಂದು ಹಂಬಲಿಸಿದ ಚಪ್ಪಾಳೆ ಅದು. ಆದರೆ ಅದನ್ನು ಕೇಳಿ ಅವರ ತಲೆ ತಗ್ಗಿತು.

ತಬಸ್ಸುಮ್ ಎದ್ದು ಬಂದು ಚಿತ್ರದ ಕೇಸರವನ್ನು ಮುಟ್ಟಿದಳು. "ಅಮ್ಮನಿಗೆ ಪರಾಗ ತೋರಿಸ್ತೀನಿ ಅಂದಿದ್ದೆ" ಎಂದು ಮೆಲ್ಲಗೆ ಹೇಳಿ, ಹಿಂದಿರುಗಿ ಹೋಗಿ ಕೂತಳು. ಅತ್ತಿದ್ದರೂ ಸಹಿಸಬಹುದಿತ್ತು. ಅವಳು ಅಳಲಿಲ್ಲ.

ವನಜಾಕ್ಷಿ ಟೀಚರ್ ಸ್ಟಾಫ್ ರೂಮಿಗೆ ಹೋಗಿ ಚೀಲ ತಂದು ಎಲ್ಲರೆದುರು ಮೇಜಿನ ಮೇಲೆ ಬಿಚ್ಚಿದರು. "ಹೂವೆಲ್ಲ ಬೆಳಿಗ್ಗೆ ನಾನೇ ಕಿತ್ತದ್ದು, ಜೆಸಿಂತಾ. ಪೂಜೆಗಲ್ಲ. ನಿನ್ನ ಪಾಠ ನಡೆಯಬಾರದು ಅಂತ."

ಜೆಸಿಂತಾ ಟೀಚರ್ ಅವರ ಮುಖ ನೋಡಿದರು. ಬೇಸರವನ್ನು ಮುಚ್ಚಿಡಲಿಲ್ಲ. ಆಮೇಲೆ ಹೇಳಿದರು: "ಮಕ್ಕಳು ಕಾಯ್ತಿದ್ದಾರೆ. ನೀವು ಬೋರ್ಡಿನಲ್ಲಿ ತೋರಿಸಿ ಅಕ್ಕಾ, ನಾನು ಹೂ ಬಿಡಿಸ್ತೀನಿ."

ಅಂದು ಮಕ್ಕಳು ಒಂದೊಂದು ಭಾಗವನ್ನೂ ಬೋರ್ಡಿನಲ್ಲಿ ನೋಡಿ ಕೈಯಲ್ಲಿ ಹುಡುಕಿದರು. ಅಷ್ಟು ಚೆನ್ನಾಗಿ ಆ ಪಾಠ ಹಿಂದೆಂದೂ ನಡೆದಿರಲಿಲ್ಲ.

ಮರುದಿನ ಮಕ್ಕಳು ಜೆಸಿಂತಾ ಟೀಚರ್ ಕಡೆಗೆ ಓಡಿದಾಗ ವನಜಾಕ್ಷಿ ಟೀಚರ್‌ಗೆ ಮತ್ತೆ ಚುಳುಕ್ ಎಂದಿತು. ಆದರೂ ಎದ್ದು ಮಕ್ಕಳ ಜೊತೆಗೇ ಆ ತರಗತಿಗೆ ನಡೆದರು.

ನೀತಿ: ಇನ್ನೊಬ್ಬರಿಗೆ ಸಿಗುವ ಮೆಚ್ಚುಗೆಯನ್ನು ಕೆಡಿಸಿದರೆ ಅದು ನಮ್ಮ ಪಾಲಿಗೆ ಬರುವುದಿಲ್ಲ. ಹೊಟ್ಟೆಕಿಚ್ಚು ಯಾರಿಗಾದರೂ ಬರಬಹುದು. ಅದರಿಂದ ಮಾಡಿದ ತಪ್ಪನ್ನು ತಡಮಾಡದೆ ಒಪ್ಪಿಕೊಂಡು ಸರಿಪಡಿಸುವವರೇ ದೊಡ್ಡವರು.