ಸೆರಗು ಎಲ್ಲಿ ನಿಲ್ಲಬೇಕು

"ಅಜ್ಜಾರೇ, ಈ ಮೂರು ಬ್ರೌಸರ್‌ಗಳಲ್ಲಿ ಒಳ್ಳೆಯದು ಯಾವುದು ಅಂತ ಒಂದು ಮಾತು ಹೇಳಿಬಿಡಿ. ನನಗಂತೂ ತಲೆ ಕೆಟ್ಟುಹೋಗಿದೆ," ಎಂದು ಶಿಷ್ಯ ಹಾಲಯ್ಯ ಕೇಳಿದ.

ಗುಡ್ಡದ ಮಠದ ಅಜ್ಜ ಶಾಲೆಯ ಕಟ್ಟೆ ಹತ್ತಿದವರಲ್ಲ. ಹತ್ತಿದ್ದರೆ ಮೇಷ್ಟರ ಗತಿ ಏನಾಗುತ್ತಿತ್ತೋ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಆದರೂ ಸುತ್ತಲಿನ ಸೀಮೆಯವರು ಏನು ತೊಡಕು ಬಂದರೂ ಅವರ ಮುಂದೆ ಬಂದು ಕೂರುತ್ತಿದ್ದರು.

"ಬ್ರೌಸರ್ ಅಂದರೆ ಏನಪ್ಪಾ?" ಎಂದರು ಅಜ್ಜ.

ಹಾಲಯ್ಯ ಹಣೆ ಒತ್ತಿಕೊಂಡ. ನಿನ್ನೆಯೂ ಇದನ್ನೇ ಹೇಳಿದ್ದ, ಮೊನ್ನೆಯೂ ಹೇಳಿದ್ದ. ಮತ್ತೆ ಹೇಳಿದ. ನಾವು ಮೊಬೈಲಿನಲ್ಲಿ ನೋಡುವ ಪುಟ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಇರುತ್ತದೆ. ಚಿತ್ರವಾಗಿ ಅಲ್ಲ, ಬರೀ ಮಾತಾಗಿ. ಇಲ್ಲಿಂದ ಒಂದು ಸಾಲು ಶುರು, ಇಲ್ಲಿಗೆ ಮುಗಿಯಿತು. ಇಲ್ಲಿಂದ ದಪ್ಪಕ್ಷರ ಶುರು, ಇಲ್ಲಿಗೆ ಮುಗಿಯಿತು. ಬ್ರೌಸರ್ ಹೋಗಿ ಆ ಮಾತನ್ನು ತರುತ್ತದೆ, ಓದಿಕೊಳ್ಳುತ್ತದೆ, ಗಾಜಿನ ಮೇಲೆ ಪುಟ ಮಾಡಿ ತೋರಿಸುತ್ತದೆ. ತರುವ ಮಾತು ಎಲ್ಲರಿಗೂ ಒಂದೇ. ಮಾತಿನಲ್ಲಿ ಏನಾದರೂ ಬಿಟ್ಟುಹೋದರೆ ಮಾತ್ರ ಒಂದೊಂದು ಬ್ರೌಸರ್ ತನಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತದೆ.

ತೊಡಕು ಇದ್ದದ್ದೂ ಅಲ್ಲೇ. ಮಠದಲ್ಲಿ ಮುದುಕರಿಗೆ ಕಣ್ಣಿನ ಪೊರೆ ತೆಗೆಸುವ ಶಿಬಿರ ನಡೆಯುತ್ತಿತ್ತು. ಯಾವ ಹಳ್ಳಿಯವರು ಯಾವ ದಿನ ಬರಬೇಕು ಎಂದು ಹಾಲಯ್ಯ ಒಂದು ಪುಟ ಮಾಡಿ ಬಿಟ್ಟಿದ್ದ. ಅವನ ಮೊಬೈಲಿನಲ್ಲಿ ಅದು ಅಚ್ಚುಕಟ್ಟಾಗಿ ಕಾಣುತ್ತಿತ್ತು. ಹಳ್ಳಿಯವರ ಹಳೆಯ ಮೊಬೈಲುಗಳಲ್ಲಿದ್ದ ಬೇರೆ ಎರಡು ಬ್ರೌಸರ್‌ಗಳಲ್ಲಿ ಒಂದು ಹಳ್ಳಿಯ ಹೆಸರು ಜಾರಿ ಇನ್ನೊಂದು ಹಳ್ಳಿಯ ದಿನದ ಕೆಳಗೆ ಕೂತಿತ್ತು. ಬೆಳಿಗ್ಗೆ ಒಂದು ಟೆಂಪೋ ತುಂಬ ಮುದುಕರು ಉಪವಾಸ ಇದ್ದು ಗುಡ್ಡ ಹತ್ತಿ ಬಂದರು. ಅವರ ದಿನ ಅದಲ್ಲ. ಡಾಕ್ಟರೂ ಇರಲಿಲ್ಲ. ಅವರಲ್ಲಿ ಒಬ್ಬ ಮುದುಕಿ, "ನಮ್ಮ ಕಣ್ಣು ಹಾಗಿರಲಿ ತಮ್ಮಾ, ಮೊದಲು ನಿನ್ನ ಪುಟಕ್ಕೆ ಪೊರೆ ತೆಗೆಸು," ಎಂದು ಹೇಳಿ ಇಳಿದು ಹೋಗಿದ್ದಳು. ನಾಳೆ ಇನ್ನಷ್ಟು ಹಳ್ಳಿಯವರು ಬರುವವರಿದ್ದರು.

"ಎಲ್ಲೋ ಒಂದು ಕಡೆ ಮುಗಿಯಿತು ಅಂತ ಬರೆಯುವುದು ಬಿಟ್ಟುಹೋಗಿದೆ, ಅಷ್ಟೇ," ಎಂದ ಹಾಲಯ್ಯ. "ಅದನ್ನು ಹುಡುಕುತ್ತ ಕೂತರೆ ನನಗೇ ಪೊರೆ ಬರುತ್ತದೆ. ನನ್ನ ಬ್ರೌಸರ್ ಸರಿಯಾಗಿಯೇ ತೋರಿಸುತ್ತಿದೆಯಲ್ಲ! ಉಳಿದೆರಡಕ್ಕೆ ಬುದ್ಧಿ ಇಲ್ಲದಿದ್ದರೆ ನಾನೇನು ಮಾಡಲಿ? ಇದೊಂದರಲ್ಲೇ ನೋಡಿ ಎಂದು ಪುಟದ ನೆತ್ತಿಯ ಮೇಲೆ ಬರೆದುಬಿಡುತ್ತೇನೆ. ನೀವು ಹೂಂ ಅನ್ನಿ ಸಾಕು."

ಅಜ್ಜ ಹೂಂ ಅನ್ನಲಿಲ್ಲ. "ಕೂತುಕೋ," ಎಂದರು.

ಹಾಲಯ್ಯ ಮೊಬೈಲಿನಲ್ಲಿ ಗಂಟೆ ನೋಡಿಕೊಂಡ. ಅಜ್ಜ ಕೂತುಕೋ ಎಂದರೆ ಕತೆ ಬಂತೆಂದೇ ಅರ್ಥ. ಆದರೂ ಕೂತ. ಅಜ್ಜ ಹೇಳಿದ ಕತೆ ಇದು.

ಒಂದು ನೇಕಾರರ ಊರು. ಆ ಊರಿನಲ್ಲಿ ಒಂದು ಪದ್ಧತಿ. ಸೀರೆ ಬೇಕಾದವನು ಮಗ್ಗದ ಮುಂದೆ ನಿಂತು ಬಾಯಲ್ಲಿ ಹೇಳಬೇಕು, ಈ ಬಣ್ಣವನ್ನು ಇಲ್ಲಿಂದ ಹಿಡಿ, ಇಲ್ಲಿಗೆ ಬಿಡು ಎಂದು. ಹೇಳಿ ಮುಗಿಸಿದ ಮೇಲೆ ನೇಕಾರ ಮರಳಿ ಕೇಳುವಂತಿಲ್ಲ. ಕೇಳಿದರೆ ಹೇಳಿದವನಿಗೆ ಅವಮಾನ.

ಅಲ್ಲಿ ಒಬ್ಬ ಸಾಹುಕಾರನಿದ್ದ. ಅವನು ಬಣ್ಣ ಹಿಡಿಯುವುದನ್ನು ಹೇಳುತ್ತಿದ್ದ, ಬಿಡುವುದನ್ನು ಹೇಳುತ್ತಿರಲಿಲ್ಲ. "ಹಸಿರು ಒಡಲು ನೇಯಿ, ಆಮೇಲೆ ಕೆಂಪು ಸೆರಗು ಹಿಡಿ," ಎಂದು ಹೇಳಿ ಎದ್ದುಬಿಡುತ್ತಿದ್ದ. ಕೆಂಪು ಎಲ್ಲಿಗೆ ನಿಲ್ಲಬೇಕು ಎಂಬುದು ಅವನ ಬಾಯಲ್ಲಿ ಎಂದೂ ಬರಲಿಲ್ಲ. ಹಾಗಿದ್ದೂ ಸೀರೆ ಪ್ರತಿ ಸಲ ಚೆನ್ನಾಗಿಯೇ ಬರುತ್ತಿತ್ತು. ಯಾಕೆಂದರೆ ಮೊದಲಿನಿಂದಲೂ ಅವನು ಒಬ್ಬನೇ ನೇಕಾರನ ಹತ್ತಿರ ನೇಯಿಸುತ್ತಿದ್ದ. "ನನ್ನಷ್ಟು ಸರಿಯಾಗಿ ಹೇಳಿ ನೇಯಿಸುವವನು ಈ ಸೀಮೆಯಲ್ಲೇ ಇಲ್ಲ," ಎಂದು ಸಂತೆಯಲ್ಲಿ ನಿಂತು ಕೊಚ್ಚಿಕೊಳ್ಳುತ್ತಿದ್ದ.

ಅವನ ಮಗಳಿಗೆ ಮದುವೆ ಗೊತ್ತಾಯಿತು. ಮಗಳಿಗೊಂದು ಸೀರೆ, ಬೀಗಿತಿಗೊಂದು, ವರನ ಸೋದರತ್ತೆಗೊಂದು. ಒಂದು ಮಗ್ಗಕ್ಕೆ ಆಗುವ ಕೆಲಸವಲ್ಲ. ಮಗಳ ಸೀರೆಯನ್ನು ಹಳೆಯ ನೇಕಾರನಿಗೆ ಹೇಳಿದ. ಉಳಿದೆರಡನ್ನು ಬೇರೆ ಇಬ್ಬರಿಗೆ ಹೇಳಿದ. ಮೂವರಿಗೂ ಅದೇ ಮಾತು.

ಹಳೆಯ ನೇಕಾರ ಎಂದಿನಂತೆ ಒಳ್ಳೆಯ ಸೀರೆ ಇಳಿಸಿದ.

ಎರಡನೆಯವನು ಕೆಂಪು ಹಿಡಿದ. ಬಿಡು ಎಂದು ಯಾರೂ ಹೇಳಿರಲಿಲ್ಲ, ಅವನು ಬಿಡಲಿಲ್ಲ. ಸೆರಗು ಮೊಳ ದಾಟಿತು, ಮಾರು ದಾಟಿತು. ಮಗ್ಗದ ಹಾಸುನೂಲು ಮುಗಿದರೆ ಇನ್ನೊಂದು ಹಾಸುನೂಲನ್ನು ಗಂಟು ಹಾಕಿ ನೇಯ್ದ. ಸೆರಗು ಹೊಸ್ತಿಲು ಇಳಿಯಿತು, ಓಣಿ ಹಿಡಿಯಿತು. ಎಮ್ಮೆಗಳು ಅದರ ಮೇಲೆ ಮಲಗಿ ಮೆಲುಕು ಹಾಕಿದವು. ಕಡೆಗೆ ಹಳ್ಳಕ್ಕೆ ಬಿದ್ದು ಆಚೆ ದಡ ಮುಟ್ಟಿತು.

"ನಾನೇ ಅದರ ಮೇಲೆ ನಡೆದು ಹಳ್ಳ ದಾಟಿದ್ದೇನೆ," ಎಂದರು ಅಜ್ಜ. "ಹಿಮ್ಮಡಿ ಕೂಡ ನೆನೆಯಲಿಲ್ಲ."

ಹಾಲಯ್ಯನ ಕೈಯಲ್ಲಿ ಮೊಬೈಲು ಗುಂಯ್‌ಗುಟ್ಟಿತು. ಇನ್ನಾವುದೋ ಹಳ್ಳಿಯವರು. ಅವನು ಹಲ್ಲು ಕಚ್ಚಿ ಅದನ್ನು ಮಗುಚಿ ಇಟ್ಟ.

ಮೂರನೆಯ ನೇಕಾರ ಯೋಚನೆ ಮಾಡಿದ. ಮುಗಿಯುವ ಜಾಗ ಹೇಳದೆ ಶುರು ಮಾಡು ಎನ್ನುವವರು ಯಾರಾದರೂ ಇರುತ್ತಾರೆಯೇ? ಸಾಹುಕಾರನ ಬಾಯಿ ತಪ್ಪಿರಬೇಕು. ಅವನು ಕೆಂಪು ನೂಲನ್ನು ಮುಟ್ಟಲೇ ಇಲ್ಲ. ಅಪ್ಪಟ ಹಸಿರು ಸೀರೆ ನೇಯ್ದು, ಮಡಿಸಿ ಕಳಿಸಿದ.

ಮದುವೆಯ ದಿನ ಬಂತು. ತಾಳಿಗೆ ಮೊದಲು ಬೀಗಿತಿಗೆ ಉಡಿ ತುಂಬಬೇಕು. ಹೊಸ ಸೀರೆಯ ಮಡಿಕೆ ಬಿಚ್ಚಿ ಅವಳಿಗೆ ಹೊದಿಸಿದರು. ಉಡಿ ಒಡ್ಡಲು ಅವಳು ಸೆರಗು ಹುಡುಕಿದಳು. ಈ ತುದಿಯೂ ಹಸಿರು, ಆ ತುದಿಯೂ ಹಸಿರು. ಅಕ್ಕಿ ಹಿಡಿದ ಕೈಗಳು ಹಾಗೇ ನಿಂತವು. ಅತ್ತ ಸೋದರತ್ತೆಯ ಸೆರಗನ್ನು ಹೆಂಗಸರು ಇನ್ನೂ ಗಾಡಿಯಿಂದ ಇಳಿಸುತ್ತಲೇ ಇದ್ದರು.

"ಸೆರಗಿಲ್ಲದ ಸೀರೆ ಹೊದಿಸಿ ಉಡಿ ತುಂಬುತ್ತೀರಾ ಬೀಗರೇ?" ಎಂದಳು ಬೀಗಿತಿ. "ಉಡಿಯಲ್ಲಿ ಅಕ್ಕಿ ನಿಲ್ಲದ ಹಾಗೆ ನಮ್ಮ ಮನೆತನದಲ್ಲೂ ಏನೂ ನಿಲ್ಲಬಾರದು ಅಂತಲೋ?" ತನ್ನವರ ಕಡೆ ತಿರುಗಿ, "ಗಾಡಿ ಹೂಡಿರಿ," ಎಂದಳು.

ಸಾಹುಕಾರ ಅಂಗಲಾಚಿದ. ಅವಳು ಕೇಳಲಿಲ್ಲ. ಆಗ ಅವನ ಸಿಟ್ಟೆಲ್ಲ ನೇಕಾರರ ಮೇಲೆ ಹೋಯಿತು. ಮೂವರನ್ನೂ ಹಂದರದ ಮುಂದಕ್ಕೆ ಎಳೆತರಿಸಿದ. "ಇವನೊಬ್ಬ ಮನುಷ್ಯ, ನೀವಿಬ್ಬರು ಕತ್ತೆಗಳು! ಅದೇ ಬಾಯಿ, ಅದೇ ಮಾತು. ಇವನಿಗೆ ತಿಳಿದದ್ದು ನಿಮಗೇಕೆ ತಿಳಿಯಲಿಲ್ಲ?" ಎಂದು ಕೂಗಾಡಿದ.

ಬಾಸಿಂಗ ಕಟ್ಟಿಕೊಂಡ ಮಗಳು ಹಳೆಯ ನೇಕಾರನನ್ನು ಕೇಳಿದಳು. "ಕಾಕಾ, ಕೆಂಪನ್ನು ಎಲ್ಲಿಗೆ ನಿಲ್ಲಿಸಬೇಕು ಅಂತ ಅಪ್ಪ ನಿನಗೆ ಹೇಳಿದ್ದನೇ?"

"ಇಲ್ಲ ತಾಯಿ, ಎಂದೂ ಹೇಳಿಲ್ಲ. ದೊಡ್ಡವರು ಮರೆತಿರುತ್ತಾರೆ ಅಂತ ಪ್ರತಿ ಸಲ ನಾನೇ ಸರಿ ಮಾಡಿ ನೇಯ್ದು ಕೊಡುತ್ತಿದ್ದೆ. ಅವರಿಗೆ ಗೊತ್ತಾಗಲು ಬಿಡಲಿಲ್ಲ."

ಸಾಹುಕಾರ ಅದನ್ನು ಕೇಳಿ ಹಿಂದೆ ತಿರುಗಿ ನೋಡುವ ಹೊತ್ತಿಗೆ ಬೀಗರ ಗಾಡಿಗಳು ಊರಬಾಗಿಲು ದಾಟಿದ್ದವು.

ಅಜ್ಜ ಅಲ್ಲಿಗೆ ನಿಲ್ಲಿಸಿದರು. ಕತೆ ಮುಗಿಯಿತೆಂದು ಹಾಲಯ್ಯನಿಗೆ ಎಲ್ಲಿಲ್ಲದ ಸಂತೋಷವಾಯಿತು. ತಟ್ಟನೆ ಎದ್ದುನಿಂತ.

"ನಾನೂ ಅದನ್ನೇ ಹೇಳಿದೆನಲ್ಲ ಅಜ್ಜಾರೇ! ಮೂವರಲ್ಲಿ ಹಳೆಯ ನೇಕಾರನೇ ಒಳ್ಳೆಯವನು. ಬಿಟ್ಟುಹೋದದ್ದನ್ನು ತಾನೇ ತುಂಬಿಕೊಂಡ. ನನ್ನ ಬ್ರೌಸರ್ ಥೇಟ್ ಅವನ ಹಾಗೆಯೇ. ಹಾಗಾದರೆ ಇದೊಂದರಲ್ಲೇ ನೋಡಿ ಅಂತ ಬರೆದುಬಿಡಲೇ?"

ಅಜ್ಜ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಮುಖದಲ್ಲೂ ಈಗ ಬೇಸರ ಬಂದಿತ್ತು.

"ಲೇ ಹಾಲಯ್ಯಾ, ಆ ಹುಡುಗಿಯ ಮದುವೆ ಮುರಿದವನೇ ನಿನ್ನ ಆ ಒಳ್ಳೆಯ ನೇಕಾರ."